ಕಚೇರಿಯ ಕೋಪಕ್ಕೆ ಶಿಕ್ಷೆಯಿದೆ, ಚಿಕಿತ್ಸೆ ಎಲ್ಲಿದೆ?

2023ರ ಜೂನ್‌ನಲ್ಲಿ ಕೋಲ್ಕತ್ತದ ಖಾಸಗಿ ಬ್ಯಾಂಕೊಂದರ ಆನ್‌ಲೈನ್ ಸಭೆಯ ದೃಶ್ಯ ದೇಶದಾದ್ಯಂತ ಹರಿದಾಡಿತು. ಮಾರಾಟದ ಗುರಿ ಮುಟ್ಟದ ಕಿರಿಯ ಸಹೋದ್ಯೋಗಿಗಳ ಮೇಲೆ ಹಿರಿಯ ಅಧಿಕಾರಿಯೊಬ್ಬರು ಅರಚಾಡುತ್ತಿದ್ದ ದೃಶ್ಯವದು. ವಿಡಿಯೊ ಬಹಿರಂಗವಾದ ಬೆನ್ನಲ್ಲೇ ಬ್ಯಾಂಕು ಅವರನ್ನು ಅಮಾನತುಗೊಳಿಸಿತು. ಒಂದು ವಾರ ಚರ್ಚೆ ನಡೆಯಿತು, ಸುದ್ದಿ ತಣ್ಣಗಾಯಿತು. ಆದರೆ ಎರಡು ಪ್ರಶ್ನೆಗಳು ಹಾಗೆಯೇ ಉಳಿದವು. ಯಾರೂ ಆ ಸಭೆಯನ್ನು ಚಿತ್ರೀಕರಿಸದೆ ಇದ್ದಿದ್ದರೆ ಅದನ್ನು ಕೋಪವೆಂದು ಯಾರಾದರೂ ಕರೆಯುತ್ತಿದ್ದರೇ? ಅಮಾನತಿನ ಆದೇಶಕ್ಕೆ ಮೊದಲು, ಆ ಅಧಿಕಾರಿಗಾಗಲಿ ಅವರ ಕೆಳಗೆ ದುಡಿಯುತ್ತಿದ್ದವರಿಗಾಗಲಿ ಹೋಗಿ ಹೇಳಿಕೊಳ್ಳಲು ಒಂದು ಜಾಗವಿತ್ತೇ?

ಇದಕ್ಕೂ ಎರಡೂವರೆ ವರ್ಷ ಮೊದಲು, 2020ರ ಡಿಸೆಂಬರ್ 12ರಂದು, ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಇನ್ನೊಂದು ಬಗೆಯ ಕೋಪ ಸ್ಫೋಟಿಸಿತ್ತು. ಐಫೋನ್ ಜೋಡಿಸುತ್ತಿದ್ದ ತೈವಾನ್ ಮೂಲದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಕಾರ್ಮಿಕರು ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು, ಯಂತ್ರಗಳಿಗೆ ಹಾನಿ ಮಾಡಿದರು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಆನಂತರ ನಡೆದ ಪರಿಶೀಲನೆಗಳಲ್ಲಿ ಹೊರಬಿದ್ದದ್ದು ಸಂಬಳ ಬಾಕಿ, ಹೆಚ್ಚುವರಿ ದುಡಿಮೆಯ ಲೆಕ್ಕದ ಗೊಂದಲ ಮತ್ತು ಹಾಜರಾತಿ ವ್ಯವಸ್ಥೆಯ ವೈಫಲ್ಯ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ವೇತನ ಕೆಲವರಿಗೆ ಸರಿಯಾಗಿ ಪಾವತಿಯಾಗಿರಲಿಲ್ಲವೆಂದು ಆಪಲ್ ಸಂಸ್ಥೆಯೇ ಒಪ್ಪಿಕೊಂಡು, ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ಮುಂದೆ ಆ ಕಾರ್ಖಾನೆ ಟಾಟಾ ಸಮೂಹದ ಪಾಲಾಯಿತು.

ಒಂದು ಮೇಲಿನಿಂದ ಇಳಿದ ಕೋಪ, ಇನ್ನೊಂದು ಕೆಳಗಿನಿಂದ ಎದ್ದ ಕೋಪ. ಹಾನಿಯ ಪ್ರಮಾಣದಲ್ಲಾಗಲಿ, ಸ್ವರೂಪದಲ್ಲಾಗಲಿ ಇವೆರಡಕ್ಕೂ ಹೋಲಿಕೆಯಿಲ್ಲ. ಆದರೆ ಒಂದು ವಿಷಯದಲ್ಲಿ ಎರಡೂ ಒಂದೇ. ಸ್ಫೋಟಿಸುವವರೆಗೆ ಆ ಕೋಪ ಯಾರ ಕಣ್ಣಿಗೂ ಬೀಳಲಿಲ್ಲ, ಬಿದ್ದ ಮೇಲೆ ಅದಕ್ಕೆ ಸಿಕ್ಕಿದ್ದು ಕ್ರಮ ಮಾತ್ರ. ನಮ್ಮ ಕಚೇರಿ, ಕಾರ್ಖಾನೆ, ಬಸ್ ಡಿಪೊಗಳಲ್ಲಿ ಕೋಪಕ್ಕೆ ಸಹಾಯ ಸಿಗುವ ಪರಿಯನ್ನು ಇಂದು ಗಂಭೀರವಾಗಿ ವಿಮರ್ಶಿಸಬೇಕಾದ ಕಾರಣ ಇದೇ.

ಯಾರ ಕೋಪ ಶಿಸ್ತು, ಯಾರದು ಅಶಿಸ್ತು?

‘ಬಡವನ ಕೋಪ ದವಡೆಗೆ ಮೂಲ’ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಅಧಿಕಾರವಿಲ್ಲದವನು ಸಿಟ್ಟು ತೋರಿದರೆ ಪೆಟ್ಟು ತಿನ್ನುವುದು ಅವನದೇ ದವಡೆ ಎಂಬ ಲೋಕಾನುಭವ ಅದರಲ್ಲಿದೆ. ಇಂದಿನ ಕಚೇರಿಗಳಲ್ಲಿ ಈ ಮಾತು ಅಕ್ಷರಶಃ ನಿಜ. ಮೇಲಧಿಕಾರಿ ಸಭೆಯಲ್ಲಿ ಕಡತ ಎಸೆದರೆ ‘ಸ್ವಲ್ಪ ಖಡಕ್ ಮನುಷ್ಯ, ಕೆಲಸ ತೆಗೆಯುವುದು ಗೊತ್ತು’ ಎಂಬ ಮೆಚ್ಚುಗೆ ಸಿಗುತ್ತದೆ. ಅದೇ ಸಭೆಯಲ್ಲಿ ಗುಮಾಸ್ತನೊಬ್ಬ ದನಿ ಏರಿಸಿದರೆ ಮರುದಿನ ಕಾರಣ ಕೇಳಿ ನೋಟಿಸ್ ಬರುತ್ತದೆ. ಮೊದಲನೆಯದು ವ್ಯಕ್ತಿತ್ವದ ಭಾಗ, ಎರಡನೆಯದು ಸೇವಾ ದಾಖಲೆಯ ಭಾಗ.

ಈ ತಾರತಮ್ಯದ ಪರಿಣಾಮ ಎರಡೂ ಕಡೆಗೆ ಕೆಟ್ಟದ್ದು. ಮೇಲಿರುವವರಿಗೆ ತಮ್ಮ ಕೋಪ ಒಂದು ಸಮಸ್ಯೆಯೆಂದು ಹೇಳುವವರೇ ಇರುವುದಿಲ್ಲ. ಆದ್ದರಿಂದ ಅವರು ಸಹಾಯ ಹುಡುಕುವುದಿಲ್ಲ. ಕೆಳಗಿರುವವರಿಗೆ ತಮ್ಮ ಕೋಪ ಸಮಸ್ಯೆಯೆಂದು ಚೆನ್ನಾಗಿ ತಿಳಿದಿರುತ್ತದೆ. ಆದರೆ ಹಾಗೆಂದು ಒಪ್ಪಿಕೊಂಡರೆ ಅದು ತಮ್ಮ ವಿರುದ್ಧದ ಸಾಕ್ಷ್ಯವಾದೀತೆಂಬ ಭಯದಿಂದ ಅವರೂ ಸಹಾಯ ಕೇಳುವುದಿಲ್ಲ. ಕಚೇರಿಯಲ್ಲಿ ನುಂಗಿದ ಸಿಟ್ಟು ಸಂಜೆ ಮನೆಯ ಹೊಸಿಲು ದಾಟಿ, ಹೆಂಡತಿ ಮಕ್ಕಳ ಮೇಲೆ ತಿರುಗುವುದು ಆಪ್ತಸಮಾಲೋಚಕರು ಪದೇ ಪದೇ ಕೇಳುವ ಕಥೆ.

ನಗುಮುಖವೇ ಕೆಲಸವಾದಾಗ

ಕೆಲವು ಉದ್ಯೋಗಗಳಲ್ಲಿ ಕೋಪವನ್ನು ಅದುಮಿಡುವುದೇ ಕೆಲಸದ ಮುಖ್ಯ ಭಾಗ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಪ್ರಕಟಿಸಿದ ತಮ್ಮ ಕೃತಿಯಲ್ಲಿ ವಿಮಾನದ ಪರಿಚಾರಕಿಯರನ್ನು ಅಧ್ಯಯನ ಮಾಡಿ, ಸಂಬಳಕ್ಕಾಗಿ ಭಾವನೆಗಳನ್ನು ತಿದ್ದಿಕೊಳ್ಳುವ ಈ ದುಡಿಮೆಗೆ ‘ಭಾವನಾತ್ಮಕ ಶ್ರಮ’ವೆಂಬ ಹೆಸರು ಕೊಟ್ಟರು. ಕಾಲ್ ಸೆಂಟರ್‌ನ ಯುವತಿ, ಆಸ್ಪತ್ರೆಯ ದಾದಿ, ಬ್ಯಾಂಕಿನ ಕೌಂಟರ್ ಗುಮಾಸ್ತ, ಆಹಾರ ತಲುಪಿಸುವ ಹುಡುಗ ಎಲ್ಲರೂ ದಿನವಿಡೀ ಈ ಶ್ರಮದಲ್ಲಿ ತೊಡಗಿರುತ್ತಾರೆ. ಅದಕ್ಕೆ ಪ್ರತ್ಯೇಕ ಸಂಬಳವಿಲ್ಲ, ವಿರಾಮವಿಲ್ಲ.

ಬೆಂಗಳೂರಿನ ನಗರ ಸಾರಿಗೆ ಬಸ್ಸುಗಳು ಇದಕ್ಕೆ ಸ್ಪಷ್ಟ ನಿದರ್ಶನ. 2024ರ ಮಾರ್ಚ್‌ನಲ್ಲಿ ಟಿಕೆಟ್ ವಿಚಾರಕ್ಕೆ ಪ್ರಯಾಣಿಕಳೊಬ್ಬಳ ಮೇಲೆ ಕೈಮಾಡಿದ ನಿರ್ವಾಹಕನ ವಿಡಿಯೊ ಹರಡಿ, ಆತ ಅಮಾನತಾದ. ಅದೇ ವರ್ಷದ ಅಕ್ಟೋಬರ್ ಆರಂಭದಲ್ಲಿ ವೈಟ್‌ಫೀಲ್ಡ್ ಭಾಗದಲ್ಲಿ, ಬಾಗಿಲ ಬಳಿ ನಿಲ್ಲಬೇಡಿ ಎಂದು ಹೇಳಿದ ನಿರ್ವಾಹಕರೊಬ್ಬರಿಗೆ ಪ್ರಯಾಣಿಕನೇ ಚೂರಿಯಿಂದ ಇರಿದ. ಒಂದರಲ್ಲಿ ನಿರ್ವಾಹಕ ಆರೋಪಿ, ಇನ್ನೊಂದರಲ್ಲಿ ಬಲಿಪಶು. ಕೈಮಾಡಿದ್ದನ್ನು ಯಾವ ನೆಪದಿಂದಲೂ ಸಮರ್ಥಿಸಲಾಗದು. ಆದರೂ ಎರಡು ಘಟನೆಗಳ ಹಿನ್ನೆಲೆ ಒಂದೇ ಎಂಬುದನ್ನು ಮರೆಯುವಂತಿಲ್ಲ. ಕಿಕ್ಕಿರಿದ ಬಸ್ಸು, ಮುಂದಕ್ಕೆ ಚಲಿಸದ ರಸ್ತೆ, ಚಿಲ್ಲರೆಯ ಜಗಳ, ಭಾಷೆಯ ಜಗಳ, ವೇಳಾಪಟ್ಟಿ ತಪ್ಪಿದರೆ ಡಿಪೊದಲ್ಲಿ ವಿಚಾರಣೆ. ಇಂತಹ ಪಾಳಿಯನ್ನು ವರ್ಷಗಟ್ಟಲೆ ಮಾಡುವವರಿಗೆ ವರ್ಷಕ್ಕೊಮ್ಮೆ ‘ಪ್ರಯಾಣಿಕರೊಂದಿಗೆ ಸೌಜನ್ಯ’ ಎಂಬ ಉಪನ್ಯಾಸ ಏರ್ಪಡಿಸಿದರೆ ಕೋಪ ಇಳಿಯುತ್ತದೆಂದು ಭಾವಿಸುವುದು ಆತ್ಮವಂಚನೆ.

ಹೊರಹಾಕಿದರೆ ಇಳಿಯುವುದೇ?

ಕೋಪವನ್ನು ಹೊರಹಾಕಿದರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದನ್ನೇ ಬಂಡವಾಳವಾಗಿಸಿಕೊಂಡ ‘ರೇಜ್ ರೂಮ್’ ಎಂಬ ತಾಣ 2023ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲೂ ತೆರೆಯಿತು. ಹಣ ಕೊಟ್ಟು, ಹೆಲ್ಮೆಟ್ ತೊಟ್ಟು, ಬಾಟಲಿ ಮತ್ತು ಹಳೆಯ ಉಪಕರಣಗಳನ್ನು ಒಡೆದು ಬರುವ ವ್ಯವಸ್ಥೆಯಿದು. ಮನರಂಜನೆಯಾಗಿ ಇದಕ್ಕೆ ಆಕ್ಷೇಪವಿಲ್ಲ. ಚಿಕಿತ್ಸೆಯೆಂದು ಭಾವಿಸಿದರೆ ಮಾತ್ರ ವಿಜ್ಞಾನ ಒಪ್ಪುವುದಿಲ್ಲ.

ಸಂಶೋಧಕರಾದ ಸೋಫಿ ಕ್ಯಾರ್ವಿಕ್ ಮತ್ತು ಬ್ರಾಡ್ ಬುಶ್‌ಮನ್ 2024ರಲ್ಲಿ ಪ್ರಕಟಿಸಿದ ಸಮಗ್ರ ವಿಶ್ಲೇಷಣೆ 154 ಅಧ್ಯಯನಗಳನ್ನೂ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನೂ ಒಳಗೊಂಡಿತ್ತು. ದೇಹದ ಉದ್ರೇಕವನ್ನು ತಗ್ಗಿಸುವ ದೀರ್ಘ ಉಸಿರಾಟ, ಧ್ಯಾನ, ಸ್ನಾಯು ಸಡಿಲಿಕೆ, ಯೋಗಗಳು ಕೋಪವನ್ನು ಇಳಿಸುತ್ತವೆ. ಉದ್ರೇಕವನ್ನು ಏರಿಸುವ ಚಟುವಟಿಕೆಗಳಿಂದ ಒಟ್ಟಾರೆ ಪ್ರಯೋಜನ ಕಾಣುವುದಿಲ್ಲ ಎಂಬುದು ಅದರ ಸಾರ. ಸಿಟ್ಟಿನಲ್ಲಿ ಓಡುವುದರಿಂದಲೂ ಕೋಪ ಇಳಿಯುವ ಬದಲು ಏರುವ ಸಾಧ್ಯತೆ ಕಂಡುಬಂದಿತು. ಓಟ ಹೃದಯಕ್ಕೆ ಒಳ್ಳೆಯದೇ ಇರಬಹುದು, ಆದರೆ ಕೋಪಕ್ಕೆ ಅದು ಮದ್ದಲ್ಲ. ಬೈದು ಮುಗಿಸಿದ ಮೇಲೆ ಸಿಗುವ ಹಗುರ ಭಾವ ಮರುದಿನವೂ ಬೈಯಲು ಕಲಿಸುತ್ತದೆಯೇ ಹೊರತು ಬೈಗುಳವನ್ನು ಮುಗಿಸುವುದಿಲ್ಲ.

ಹಾಗಾದರೆ ಕೋಪಕ್ಕೆ ಚಿಕಿತ್ಸೆ ಎಂದರೇನು? ಅಮೆರಿಕದ ಮನಶ್ಶಾಸ್ತ್ರಜ್ಞ ರೇಮಂಡ್ ನೊವಾಕೊ 1975ರಲ್ಲಿ ರೂಪಿಸಿದ ವಿಧಾನ ಇಂದಿಗೂ ಹಲವು ಕ್ರಮಗಳಿಗೆ ತಳಹದಿ. ಅದರಲ್ಲಿ ಮೊದಲ ಹೆಜ್ಜೆ ತನ್ನ ಕೋಪವನ್ನು ಗುರುತಿಸುವುದು. ಯಾವ ಹೊತ್ತಿನಲ್ಲಿ, ಯಾರ ಎದುರು, ಯಾವ ಮಾತಿಗೆ ಅದು ಏರುತ್ತದೆಂದು ದಿನಚರಿ ಬರೆಯಲು ಹೇಳಲಾಗುತ್ತದೆ. ಎರಡನೆಯದು, ದವಡೆ ಬಿಗಿಯುವುದು, ಎದೆ ಬಡಿತ ಏರುವುದು ಮುಂತಾದ ದೇಹದ ಮುನ್ಸೂಚನೆಗಳನ್ನು ಅರಿತು ಉದ್ರೇಕವನ್ನು ಇಳಿಸುವ ಅಭ್ಯಾಸ. ಮೂರನೆಯದು, ಎದುರಿನವನ ಉದ್ದೇಶದ ಬಗ್ಗೆ ಮನಸ್ಸು ಥಟ್ಟನೆ ಬರೆದುಕೊಳ್ಳುವ ತೀರ್ಪನ್ನು ಪರೀಕ್ಷಿಸುವುದು. ‘ಬೇಕೆಂದೇ ನನ್ನನ್ನು ಅವಮಾನಿಸಿದ’ ಎಂಬ ತೀರ್ಮಾನಕ್ಕೂ ‘ಅವನಿಗೂ ಮೇಲಿನಿಂದ ಒತ್ತಡವಿದ್ದೀತು’ ಎಂಬ ಊಹೆಗೂ ನಡುವೆ ಒಂದು ಜಗಳದಷ್ಟು ಅಂತರವಿದೆ. ಕೊನೆಯದು, ಕೆರಳಿಸುವ ಸನ್ನಿವೇಶಗಳನ್ನು ಸಮಾಲೋಚಕರ ಎದುರು ಅಭಿನಯಿಸಿ, ಬೇರೆ ಉತ್ತರವನ್ನು ರೂಢಿಸಿಕೊಳ್ಳುವುದು. ಇದು ಒಂದು ಮಧ್ಯಾಹ್ನದ ಕಾರ್ಯಾಗಾರದಲ್ಲಿ ಮುಗಿಯುವ ಕೆಲಸವಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಪ್ರಕಟಿಸಿರುವ ಕೈಪಿಡಿಯೊಂದು ಇದಕ್ಕಾಗಿ 12 ವಾರಗಳ ಕ್ರಮವನ್ನು ಸೂಚಿಸುತ್ತದೆ.

ಇಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಕೋಪ ತಾನೇ ರೋಗವಲ್ಲ. ಅನೇಕ ವೇಳೆ ಅದು ಬೇರೊಂದರ ಹೊರಮುಖ. ಖಿನ್ನತೆ, ಮದ್ಯವ್ಯಸನ, ರಾತ್ರಿಪಾಳಿಯಿಂದ ಕೆಟ್ಟ ನಿದ್ರೆ, ದೀರ್ಘಕಾಲದ ನೋವು ಇವೆಲ್ಲ ಸಿಡುಕಿನ ವೇಷದಲ್ಲಿ ಬರುತ್ತವೆ. ದುಃಖ ತೋರಬಾರದೆಂದು ಕಲಿತು ಬೆಳೆದ ಗಂಡಸರಲ್ಲಿ ಇದು ವಿಶೇಷವಾಗಿ ನಿಜ. ಅಲಕ್ಷಿಸಿದರೆ ಬೆಲೆ ತೆರುವುದು ದೇಹವೇ. 1995ರಲ್ಲಿ ಅಮೆರಿಕದಲ್ಲಿ 1,623 ಹೃದಯಾಘಾತ ರೋಗಿಗಳನ್ನು ಸಂದರ್ಶಿಸಿ ನಡೆಸಿದ ಅಧ್ಯಯನವೊಂದು, ತೀವ್ರ ಕೋಪದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಎರಡು ಪಟ್ಟಿಗೂ ಹೆಚ್ಚಾಗುತ್ತದೆಂದು ತೋರಿಸಿತು. ಕೋಪ ದವಡೆಗೆ ಮಾತ್ರವಲ್ಲ, ಎದೆಗೂ ಮೂಲ.

ಬಾಗಿಲು ಇದೆ, ತಟ್ಟುವವರಿಲ್ಲ

ಸಹಾಯದ ವ್ಯವಸ್ಥೆಯ ವಿಷಯದಲ್ಲಿ ಕರ್ನಾಟಕ ಇತರ ಅನೇಕ ರಾಜ್ಯಗಳಿಗಿಂತ ಮುಂದಿದೆ ಎನ್ನಬೇಕು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ನಿಮ್ಹಾನ್ಸ್‌ನ ಮುಖ್ಯ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವವರಿಗಾಗಿ ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ಅದೇ ಸಂಸ್ಥೆಯ ಸ್ವಾಸ್ಥ್ಯ ಕೇಂದ್ರವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೂ ನಿಮ್ಹಾನ್ಸೇ ಮೇಲುಸ್ತುವಾರಿ. 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಶುಲ್ಕವಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು. ದೊಡ್ಡ ಐಟಿ ಕಂಪನಿಗಳು ಹೊರಗಿನ ಸಂಸ್ಥೆಗಳ ಮೂಲಕ ನೌಕರರಿಗೆ ಆಪ್ತಸಮಾಲೋಚನೆ ಒದಗಿಸುತ್ತವೆ.

ಆದರೂ ಬಾಗಿಲು ತಟ್ಟುವವರು ಕಡಿಮೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಿವಿಧ ಮಾನಸಿಕ ಸಮಸ್ಯೆಗಳಲ್ಲಿ ಚಿಕಿತ್ಸೆ ಪಡೆಯದೆ ಉಳಿದವರ ಪ್ರಮಾಣ ಹೆಚ್ಚುಕಡಿಮೆ ಶೇ 70ರಿಂದ 92ರಷ್ಟಿತ್ತು. ರೋಗವೆಂದು ಒಪ್ಪಿದ ಸಮಸ್ಯೆಗಳ ಗತಿಯೇ ಇದಾದರೆ, ಸ್ವಭಾವವೆಂದು ತಳ್ಳಿಹಾಕುವ ಕೋಪದ ಗತಿ ಏನೆಂದು ಊಹಿಸಬಹುದು. ‘ನಮ್ಮಪ್ಪನೂ ಹೀಗೇ ಇದ್ದರು’ ಎಂಬಲ್ಲಿಗೆ ಅನೇಕರ ಆತ್ಮಾವಲೋಕನ ಮುಗಿದುಹೋಗುತ್ತದೆ.

ನೌಕರನ ಹಿಂಜರಿಕೆಗೆ ಅದಕ್ಕಿಂತ ಗಟ್ಟಿಯಾದ ಕಾರಣವೂ ಇದೆ. ಸಮಾಲೋಚಕರಿಗೆ ಹೇಳಿದ್ದು ಮಾನವ ಸಂಪನ್ಮೂಲ ವಿಭಾಗಕ್ಕೆ ಹೋಗುವುದೇ? ಬಡ್ತಿಯ ಹೊತ್ತಿಗೆ ಅದು ಎದುರಾಗುವುದೇ? 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ-2017 ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಚಿಕಿತ್ಸೆ ಪಡೆಯುವುದು ಹಕ್ಕು, ಅದರ ವಿವರ ಗೋಪ್ಯವಾಗಿರಬೇಕೆಂಬುದೂ ಹಕ್ಕು. ಕಾನೂನು ಕಾಗದದಲ್ಲಿದ್ದರೆ ಸಾಲದು. ಸಮಾಲೋಚನೆಗೆ ಕಳಿಸುವ ಆದೇಶವೂ ಎಚ್ಚರಿಕೆ ಪತ್ರವೂ ಒಂದೇ ಮೇಜಿನಿಂದ, ಒಂದೇ ಸಹಿಯಲ್ಲಿ ಹೊರಟಾಗ ಯಾವ ನೌಕರನೂ ಸಮಾಲೋಚಕರನ್ನು ನಂಬುವುದಿಲ್ಲ. ಅವರೆದುರು ಆತ ಒಳ್ಳೆಯವನಂತೆ ನಟಿಸಿ ಪ್ರಮಾಣಪತ್ರ ಪಡೆದು ಬರುತ್ತಾನೆ. ಕೋಪ ಮಾತ್ರ ಇದ್ದಲ್ಲೇ ಇರುತ್ತದೆ.

ಕಾನೂನಿನ ಅಂತರ

ಕೋಪಕ್ಕೆ ಗುರಿಯಾದವರಿಗೆ ಕಾನೂನಿನ ಆಸರೆ ಎಷ್ಟಿದೆ? ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆಯಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಆದರೆ ಲೈಂಗಿಕ ಸ್ವರೂಪದ್ದಲ್ಲದ ನಿತ್ಯದ ಬೈಗುಳ, ಬಹಿರಂಗ ಅವಮಾನ, ಬೆದರಿಕೆಗಳನ್ನು ಕೇಳುವ ಅಂತಹ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪೊಂದು, ಕೆಲಸದ ಶಿಸ್ತು ಮತ್ತು ಕರ್ತವ್ಯಕ್ಕೆ ಸಂಬಂಧಿಸಿ ಹಿರಿಯ ಅಧಿಕಾರಿ ಗದರಿದ ಮಾತ್ರಕ್ಕೆ ಅದು ಭಾರತೀಯ ದಂಡ ಸಂಹಿತೆಯ 504ನೇ ಕಲಮಿನ ಉದ್ದೇಶಪೂರ್ವಕ ಅಪಮಾನದ ಅಪರಾಧವಾಗದು ಎಂದಿತು. ಪ್ರತಿ ಗದರಿಕೆಯೂ ಪೊಲೀಸ್ ಠಾಣೆ ಸೇರಬಾರದೆಂಬ ನ್ಯಾಯಾಲಯದ ಕಾಳಜಿ ಸಮಂಜಸವಾದುದೇ. ಆದರೆ ಠಾಣೆಯೂ ಅಲ್ಲ, ಮೌನವೂ ಅಲ್ಲ ಎಂಬ ನಡುವಿನ ದಾರಿಯೊಂದನ್ನು ಯಾರಾದರೂ ಕಟ್ಟಬೇಕಲ್ಲವೇ?

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕೆನ್ನುತ್ತದೆ. ಇದು ಒಂದು ಅವಕಾಶ. ಆದರೆ ಆಡಳಿತ ಹುದ್ದೆಯಲ್ಲಿರುವವರೂ, ನಿಗದಿತ ಮಿತಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕರೂ ‘ಕಾರ್ಮಿಕ’ ಎಂಬ ವ್ಯಾಖ್ಯೆಯಿಂದ ಹೊರಗುಳಿಯುತ್ತಾರೆ. ಮೇಲಿನ ಒತ್ತಡವನ್ನು ಹೊತ್ತು ಕೆಳಕ್ಕೆ ಇಳಿಸುವವರು ಅವರೇ. ಕೋಲ್ಕತ್ತದ ವಿಡಿಯೊದಲ್ಲಿ ಕೂಗಾಡಿದವರ ತಲೆಯ ಮೇಲೂ ಗುರಿಯೊಂದು ತೂಗುತ್ತಿದ್ದಿರಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆ ದುಡಿಮೆಯ ಜಗತ್ತಿನ ಎಲ್ಲ ಬಗೆಯ ಹಿಂಸೆ ಮತ್ತು ಕಿರುಕುಳಗಳನ್ನು ಒಂದೇ ಚೌಕಟ್ಟಿನಲ್ಲಿ ನೋಡುತ್ತದೆ. ಅದನ್ನು ಅನುಮೋದಿಸಿದ ರಾಷ್ಟ್ರಗಳ ಸಾಲಿಗೆ ಭಾರತ ಸೇರಿಲ್ಲ.

ಆಗಬೇಕಾದದ್ದೇನು?

ವಿಶ್ವ ಆರೋಗ್ಯ ಸಂಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಉದ್ಯೋಗಸ್ಥಳದ ಮಾನಸಿಕ ಆರೋಗ್ಯದ ಮಾರ್ಗಸೂಚಿಯಲ್ಲಿ ಕೆಲಸದ ಹೊರೆ, ವೇಳೆ ಮತ್ತು ವ್ಯವಸ್ಥೆಯ ಸುಧಾರಣೆಗೆ ಮಹತ್ವದ ಸ್ಥಾನವಿದೆ. ಅದರ ಜೊತೆಗೆ ಮೇಲ್ವಿಚಾರಕರಿಗೆ ತರಬೇತಿ, ಬಳಿಕ ವ್ಯಕ್ತಿಗೆ ನೆರವು. ನಮ್ಮಲ್ಲಿ ನಡೆಯುತ್ತಿರುವುದು ಇದರ ತಲೆಕೆಳಗು. ವ್ಯಕ್ತಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು, ಉಸಿರುಗಟ್ಟಿಸುವ ಗುರಿಯನ್ನು ಹಾಗೆಯೇ ಬಿಡುವುದು. ನರಸಾಪುರದ ಕಾರ್ಮಿಕರಿಗೆ ಬೇಕಿದ್ದದ್ದು ಧ್ಯಾನ ಶಿಬಿರವಲ್ಲ, ದುಡಿದ ದಿನಗಳ ಸರಿಯಾದ ಲೆಕ್ಕ ಮತ್ತು ಆ ಲೆಕ್ಕ ತಪ್ಪಿದಾಗ ಕೇಳುವ ಕಿವಿ. ನ್ಯಾಯವಾದ ದೂರನ್ನು ಕೋಪದ ಕಾಯಿಲೆಯೆಂದು ಕರೆದು ಸಮಾಲೋಚಕರ ಬಳಿಗೆ ಅಟ್ಟುವುದು ಚಿಕಿತ್ಸೆಯಲ್ಲ, ಬಾಯಿ ಮುಚ್ಚಿಸುವ ಉಪಾಯ.

ಹಾಗೆಂದು ಎಲ್ಲ ಕೋಪವನ್ನೂ ವ್ಯವಸ್ಥೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಒಂದೇ ಕಚೇರಿಯಲ್ಲಿ, ಒಂದೇ ಗುರಿಯ ಕೆಳಗೆ ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಕೂಗುವುದಿಲ್ಲ. ಕೂಗುವವರ ಪಾಲಿನ ಹೊಣೆ ಅವರದೇ. ಆ ಹೊಣೆಯನ್ನು ಹೊರಲು ಅವರಿಗೆ ನೆರವು ಬೇಕೆಂಬುದಷ್ಟೇ ಇಲ್ಲಿನ ವಾದ. ಅದಕ್ಕೆ ಮೂರು ಕೆಲಸಗಳು ತುರ್ತಾಗಿ ಆಗಬೇಕು. ಶಿಸ್ತುಕ್ರಮದ ಕಡತವೂ ಸಮಾಲೋಚನೆಯ ಕಡತವೂ ಎಂದೆಂದಿಗೂ ಕೂಡದಂತೆ ಪ್ರತ್ಯೇಕವಾಗಬೇಕು. ತಾನಾಗಿ ಸಹಾಯ ಕೇಳಿದ ನೌಕರನ ವಿರುದ್ಧ ಆ ಮಾಹಿತಿ ಬಳಕೆಯಾಗದೆಂಬ ಲಿಖಿತ ಭರವಸೆ ಇರಬೇಕು. ತರಬೇತಿ ಮೇಲಿನಿಂದ ಆರಂಭವಾಗಬೇಕು. ಬಡ್ತಿಯ ಮೌಲ್ಯಮಾಪನದಲ್ಲಿ ಎಷ್ಟು ಮಾರಿದರು ಎಂಬುದರ ಜೊತೆಗೆ ಕೈಕೆಳಗಿನವರು ಎಷ್ಟು ಮಂದಿ ಬಿಟ್ಟುಹೋದರು ಎಂಬುದೂ ಲೆಕ್ಕಕ್ಕೆ ಬರಬೇಕು. ಸಾರಿಗೆ, ಪೊಲೀಸ್, ಆಸ್ಪತ್ರೆಯಂತಹ ಸರ್ಕಾರಿ ಸೇವೆಗಳಲ್ಲಿ ಡಿಪೊ ಮತ್ತು ಠಾಣೆಯ ಮಟ್ಟಕ್ಕೇ ಸಮಾಲೋಚಕರು ನಿಯಮಿತವಾಗಿ ಬರಬೇಕು. ಜಿಲ್ಲಾ ಮಾನಸಿಕ ಆರೋಗ್ಯ ತಂಡಗಳು ಈಗಾಗಲೇ ಇರುವಾಗ ಇದು ಅಸಾಧ್ಯದ ಮಾತೇನಲ್ಲ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ಹಿರಿಯರು ಹೇಳಿದರು. ಅಮಾನತಿನ ಆದೇಶ ಹೊರಡುವ ಹೊತ್ತಿಗೆ ಮೂಗು ಕೊಯ್ದಾಗಿರುತ್ತದೆ. ಆ ಆದೇಶವನ್ನು ಬರೆಯುವುದರಲ್ಲಿ ನಮ್ಮ ಸಂಸ್ಥೆಗಳು ಪಳಗಿವೆ. ಅದಕ್ಕೆ ಆರು ತಿಂಗಳು ಮೊದಲೇ, ‘ಇತ್ತೀಚೆಗೆ ಬೇಗ ಸಿಟ್ಟು ಬರುತ್ತಿದೆ, ಏನು ಮಾಡಲಿ’ ಎಂದು ನೌಕರನೊಬ್ಬ ಭಯವಿಲ್ಲದೆ ಕೇಳಬಲ್ಲ ಕಚೇರಿಯನ್ನು ಕಟ್ಟುವುದು ಇನ್ನೂ ಬಾಕಿಯಿದೆ.